ಪಾಠ ವೀಕ್ಷಣೆಗೆ ಎಂಥ ಕ್ಯಾಮೆರಾ? ಮಸೂರ ನೋಡಿ ಕೊಳ್ಳುವ ಬಗೆ

ನಾಲ್ಕು ವರ್ಷಗಳ ಹಿಂದೆ ಹುಮನಾಬಾದಿನ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಎಂಟನೆಯ ತರಗತಿಗೆ ವಿಜ್ಞಾನ ಪಾಠ ಮಾಡಿದರು. ವೀಕ್ಷಣಾ ಪತ್ರದಲ್ಲಿ ನಾನು ‘ಪ್ರಶ್ನೆಗಳ ಹಂಚಿಕೆ ಸಮನಾಗಿಲ್ಲ, ಹಿಂದಿನ ಸಾಲುಗಳನ್ನು ಮುಟ್ಟಿಲ್ಲ’ ಎಂದು ಬರೆದು ಪ್ರಶ್ನಿಸುವ ಕೌಶಲಕ್ಕೆ ಅಂಕ ಕಡಿಮೆ ಹಾಕಿದೆ. ಹಿಮ್ಮಾಹಿತಿಯ ಹೊತ್ತಿನಲ್ಲಿ ಅವರು ಮೆಲ್ಲಗೆ, “ಸರ, ಹಿಂದಿನ ಸಾಲಿನ ಮೂವರಿಗೆ ಕೇಳೀನ್ರಿ. ಬೇಕಾದ್ರ ಕ್ಯಾಮೆರಾದಾಗ ನೋಡ್ರಿ” ಎಂದರು. ನ್ಯಾಯವಾದ ಮಾತು. ಪಾಠವನ್ನು ಕಾಲೇಜಿನ ಕ್ಯಾಮೆರಾ ಪೂರ್ತಿ ಚಿತ್ರೀಕರಿಸಿತ್ತು.

ಇಬ್ಬರೂ ಕುಳಿತು ನೋಡಿದೆವು. ಮುಂದಿನ ಎರಡು ಸಾಲು ಚೆನ್ನಾಗಿಯೇ ಕಾಣುತ್ತಿತ್ತು. ಅದರಾಚೆಗೆ ಮಕ್ಕಳು ಕಂದುಬಣ್ಣದ ಗುಪ್ಪೆಗಳಾಗಿದ್ದರು. ಒಂದು ಕಡೆ ಯಾರೋ ಎದ್ದು ನಿಂತಂತಾಯಿತು. ಉತ್ತರ ಹೇಳಲು ಎದ್ದದ್ದೋ, ಬಿದ್ದ ಪೆನ್ನು ಎತ್ತಿಕೊಳ್ಳಲು ಎದ್ದದ್ದೋ ತಿಳಿಯಲಿಲ್ಲ. ಫ್ಯಾನಿನ ಸದ್ದಿನಲ್ಲಿ ಮಾತೂ ಮುಳುಗಿತ್ತು. ನಾನು ಅಂಕ ತಿದ್ದಲಿಲ್ಲ. ತಿದ್ದಲು ಆಧಾರ ಇರಲಿಲ್ಲ, ಹಾಗೆಯೇ ಉಳಿಸಲೂ ಆಧಾರ ಇರಲಿಲ್ಲ. ಅವರು ಆ ವರ್ಷ ಕೋರ್ಸ್ ಮುಗಿಸಿ ಹೋದರು.

ಆ ಕ್ಯಾಮೆರಾವನ್ನು ಆರಿಸಿದವನು ನಾನೇ. ಪ್ರಶಿಕ್ಷಣಾರ್ಥಿಗಳೆಲ್ಲ ವಂತಿಗೆ ಕೂಡಿಸಿಕೊಟ್ಟ ಹಣ ಅದು. ಅಂಗಡಿಯಲ್ಲಿ ಅದರ ಮೈಮೇಲೆ ‘20 ಎಕ್ಸ್ ಜೂಮ್’ ಎಂಬ ದೊಡ್ಡ ಚೀಟಿ ಅಂಟಿಸಿದ್ದರು. ಬೇರೆಯವು 5 ಎಕ್ಸ್, 8 ಎಕ್ಸ್. ಇಪ್ಪತ್ತು ಹೆಚ್ಚು ಎಂದು ನನಗೆ ಗೊತ್ತಿತ್ತು, ಏನು ಹೆಚ್ಚು ಎಂದು ಗೊತ್ತಿರಲಿಲ್ಲ. ಮುಂದಿನ ವರ್ಷ ಎರಡನೆಯ ಕ್ಯಾಮೆರಾ ಕೊಳ್ಳುವ ಮೊದಲು ನಾನು ಕಲಿತುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಜ್ಞಾನ ವಿಧಾನದವರಿಗೆ ಇದರಲ್ಲಿ ಒಂದೆರಡು ಪಾಠಕ್ಕೆ ಬೇಕಾದ ಸಾಮಗ್ರಿಯೂ ಸಿಗಬಹುದು.

ಕೈಯಲ್ಲಿ ಮೊಬೈಲ್ ಇರುವಾಗ ಕ್ಯಾಮೆರಾ ಏಕೆ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. 2010ರಲ್ಲಿ ಜಗತ್ತಿನಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಯಿಂದ ಹೊರಬಿದ್ದಿದ್ದವು. ಈಗ ಅದು ಒಂದು ಕೋಟಿಯ ಆಸುಪಾಸಿಗೆ ಇಳಿದಿದೆ. ಉಳಿದದ್ದನ್ನು ಮೊಬೈಲ್ ನುಂಗಿತು. ಬೆಳಕಿದ್ದ ಕಡೆ ಒಳ್ಳೆಯ ಮೊಬೈಲ್ ಚೆನ್ನಾಗಿಯೇ ಚಿತ್ರ ತೆಗೆಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಭ್ಯಾಸ ಬೋಧನೆಯ ಶಾಲೆಯಲ್ಲಿ ತೊಡಕು ಬೇರೆ. ಪ್ರಶಿಕ್ಷಣಾರ್ಥಿಯ ಸ್ವಂತ ಮೊಬೈಲಿನಲ್ಲಿ ಊರಿನ ಮಕ್ಕಳ ಮುಖಗಳು ಸೇರಿಕೊಳ್ಳುತ್ತವೆ. ಪಾಠದ ನಡುವೆ ಕರೆ ಬರುತ್ತದೆ. ಮುಖ್ಯಗುರುಗಳಿಗೆ ತರಗತಿಯಲ್ಲಿ ಮೊಬೈಲ್ ಕಂಡರೆ ಸಮಾಧಾನವಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಕಾಲೇಜಿನ ಕ್ಯಾಮೆರಾ ಆದರೆ ಅದರ ಕಾರ್ಡ್ ಕಾಲೇಜಿನ ಕಪಾಟಿನಲ್ಲಿ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರ ಒಳಗಿನವರ ವಿಷಯದಲ್ಲಿ ಪಾಲಕರ ಒಪ್ಪಿಗೆ ಕೇಳುತ್ತದೆ. ನಾವು ಈಗ ಶಾಲೆಯ ಮೂಲಕ ಬರಹದಲ್ಲಿ ಒಪ್ಪಿಗೆ ಪಡೆದು, ಸೆಮಿಸ್ಟರ್ ಮುಗಿದ ಮೇಲೆ ದೃಶ್ಯಗಳನ್ನು ಅಳಿಸುತ್ತೇವೆ.

ಇನ್ನೊಂದು ಕಾರಣ ನಮ್ಮ ಕಸುಬಿನದೇ. ಸೂಕ್ಷ್ಮ ಬೋಧನೆ 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರಿಂದ ರೂಪುಗೊಂಡಾಗ ದೃಶ್ಯಮುದ್ರಣ ಅದರ ಅಂಗವೇ ಆಗಿತ್ತು. ನಮ್ಮ ದೇಶದ ಕಾಲೇಜುಗಳಲ್ಲಿ ಆ ಯಂತ್ರಗಳಿರಲಿಲ್ಲ. ಆದ್ದರಿಂದ ಸಹಪಾಠಿಗಳೂ ಮೇಲ್ವಿಚಾರಕರೂ ನೋಡಿ ಹೇಳುವ ಮಾದರಿ ಇಲ್ಲಿ ರೂಢಿಗೆ ಬಂತು. ಬೋಧನೆ 6, ಹಿಮ್ಮಾಹಿತಿ 6, ಪುನರ್ಯೋಜನೆ 12, ಪುನರ್ಬೋಧನೆ 6, ಮರು ಹಿಮ್ಮಾಹಿತಿ 6, ಒಟ್ಟು 36 ನಿಮಿಷ. ಈ ಲೆಕ್ಕ ನಮಗೆಲ್ಲ ಬಾಯಿಪಾಠ. ಈ ಚಕ್ರದಲ್ಲಿ ಹೊರಗೆ ಉಳಿದದ್ದು ಪಾಠ ಮಾಡಿದವರ ಕಣ್ಣು. ಅವರು ತಮ್ಮನ್ನು ತಾವು ನೋಡಿಕೊಳ್ಳುವ ಅವಕಾಶ ಇಲ್ಲದೆಯೇ ಮತ್ತೊಬ್ಬರ ಮಾತನ್ನು ಒಪ್ಪಬೇಕು.

ಮಸೂರದ ಮೇಲೆ ಬರೆದಿರುವುದು

ಕ್ಯಾಮೆರಾದ ಮುಖದ ಮೇಲೆ, ಮಸೂರದ ಸುತ್ತ ಸಣ್ಣ ಅಕ್ಷರಗಳಲ್ಲಿ ಕೆಲವು ಸಂಖ್ಯೆಗಳಿರುತ್ತವೆ. ಅಂಗಡಿಯ ಚೀಟಿಯನ್ನು ಬಿಟ್ಟು ಅವನ್ನು ಓದಬೇಕು. ನನ್ನ ಹಳೆಯ ಕ್ಯಾಮೆರಾದಲ್ಲಿ ‘1:3.3–5.9’ ಎಂದಿತ್ತು. ಇದು ದ್ಯುತಿರಂಧ್ರದ ಅಳತೆ. ಹತ್ತನೆಯ ತರಗತಿಯಲ್ಲಿ ನಾವು ಕಲಿಸುವ ಸಂಗಮದೂರವನ್ನು ಬೆಳಕು ಒಳಬರುವ ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ. ಎಫ್ ಸಂಖ್ಯೆ ಎನ್ನುತ್ತಾರೆ. ರಂಧ್ರ ಛೇದದಲ್ಲಿ ಇರುವುದರಿಂದ ಸಂಖ್ಯೆ ಸಣ್ಣದಾದಷ್ಟೂ ರಂಧ್ರ ದೊಡ್ಡದು, ಬೆಳಕು ಹೆಚ್ಚು. ಬೆಳಕು ವೃತ್ತದ ಕ್ಷೇತ್ರಫಲವನ್ನು ಅವಲಂಬಿಸಿರುವುದರಿಂದ ವರ್ಗ ಮಾಡಬೇಕು. ಎಫ್/4ಕ್ಕಿಂತ ಎಫ್/2 ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬೆಳಕು ಬಿಡುತ್ತದೆ.

ಇಬ್ಬಗೆಯ ಸಂಖ್ಯೆಗಳಲ್ಲಿ ಮೊದಲನೆಯದು ಅಗಲ ನೋಟಕ್ಕೆ, ಎರಡನೆಯದು ಪೂರ್ತಿ ಜೂಮ್ ಮಾಡಿದಾಗ. ಪಾಠದ ಕೋಣೆಯ ಮೂಲೆಯಲ್ಲಿ ನಿಂತು ಕಿಟಕಿಯಿಂದ ದೂರದ ಬೆಂಚನ್ನು ನೋಡಿ. ಅಲ್ಲಿ ಎಫ್/2ರಲ್ಲಿ ಸೆಕೆಂಡಿನ 125ನೇ ಒಂದು ಭಾಗದಷ್ಟು ಶಟರ್ ತೆರೆದರೆ ಒಳ್ಳೆಯ ಚಿತ್ರ ಬರುತ್ತದೆ ಎಂದುಕೊಳ್ಳೋಣ. ಕೈಯೆತ್ತುವ ಮಗುವಿನ ಕೈ ಅಷ್ಟರಲ್ಲಿ ಸ್ಪಷ್ಟವಾಗಿ ನಿಲ್ಲುತ್ತದೆ. ಅದೇ ಜಾಗವನ್ನು ಎಫ್/5.6ರ ಮಸೂರ ನೋಡಿದರೆ ಸುಮಾರು 8 ಪಟ್ಟು ಬೆಳಕಿನ ಕೊರತೆ. ಕ್ಯಾಮೆರಾಕ್ಕೆ ಎರಡೇ ದಾರಿ. ಒಂದು, ಶಟರನ್ನು ಸೆಕೆಂಡಿನ 15ನೇ ಒಂದು ಭಾಗದವರೆಗೆ ತೆರೆದಿಡುವುದು. ಆಗ ಎತ್ತಿದ ಕೈ ಹೊಗೆಯಂತಾಗುತ್ತದೆ. ಇನ್ನೊಂದು, ಸಂವೇದನೆಯನ್ನು, ಅಂದರೆ ಐಎಸ್‌ಒ ಸಂಖ್ಯೆಯನ್ನು 400ರಿಂದ 3200ಕ್ಕೆ ಏರಿಸುವುದು. ಆಗ ಚಿತ್ರದ ತುಂಬ ಮರಳು ಚೆಲ್ಲಿದಂತೆ ಚುಕ್ಕೆಗಳು. ಸಣ್ಣ ಕ್ಯಾಮೆರಾಗಳು ಆ ಚುಕ್ಕೆಗಳನ್ನು ತಾವೇ ಒರೆಸಲು ಹೋಗುತ್ತವೆ, ಒರೆಸುವಾಗ ಮುಖವನ್ನೂ ಒರೆಸಿಬಿಡುತ್ತವೆ. ನಮ್ಮ ಕಂದು ಗುಪ್ಪೆಗಳು ಹುಟ್ಟಿದ್ದು ಹೀಗೆ. ಆ ಪ್ರಶಿಕ್ಷಣಾರ್ಥಿಯ ಅಂಕ ನಿಂತಿದ್ದೂ ಇದರ ಮೇಲೆಯೇ.

ಜೂಮ್ ದೊಡ್ಡದಾದಷ್ಟೂ ಅದೇ ಗಾತ್ರದ ಕೊಳವೆಯಲ್ಲಿ ದೊಡ್ಡ ರಂಧ್ರ ಇಡುವುದು ಕಷ್ಟ. ಇಪ್ಪತ್ತು ಪಟ್ಟು ಜೂಮ್ ಎಂದು ಕೊಂಡಾಗ ನಾನು ಬೆಳಕನ್ನು ಕೊಟ್ಟು ದೂರವನ್ನು ಕೊಂಡಿದ್ದೆ. ಇಪ್ಪತ್ತು ಅಡಿ ಉದ್ದದ ಕೋಣೆಯಲ್ಲಿ ಆ ದೂರ ನನಗೆ ಬೇಕೇ ಇರಲಿಲ್ಲ. ಡಿಜಿಟಲ್ ಜೂಮ್ ಎಂದು ಬರೆದಿದ್ದರಂತೂ ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಅದು ಚಿತ್ರವನ್ನು ಕತ್ತರಿಸಿ ದೊಡ್ಡದು ಮಾಡುವುದಷ್ಟೇ.

ಮಸೂರದ ಹಿಂದೆ ಬೆಳಕನ್ನು ಹಿಡಿಯುವ ಸೆನ್ಸರ್ ಇದೆ. ಸಾಮಾನ್ಯ ಚಿಕ್ಕ ಕ್ಯಾಮೆರಾದಲ್ಲಿ ಅದು ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಹೆಚ್ಚುಕಡಿಮೆ ಒಂದು ಕಡಲೆಬೇಳೆಯಷ್ಟು. ‘ಒಂದು ಇಂಚು’ ಎಂದು ಕರೆಯುವ ಸೆನ್ಸರ್ 13.2 ಮತ್ತು 8.8 ಮಿ.ಮೀ. ಅದರಲ್ಲಿ ಯಾವ ಬದಿಯೂ ಒಂದು ಇಂಚು ಇಲ್ಲ. ಹಿಂದಿನ ಕಾಲದ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ವ್ಯಾಸದಿಂದ ಉಳಿದುಬಂದ ಹೆಸರದು. ಅಳತೆಯ ಪಾಠದಲ್ಲಿ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಕ್ಷೇತ್ರಫಲ ಮಾತ್ರ ನಾಲ್ಕು ಪಟ್ಟು ಹೆಚ್ಚು. ಎಫ್/3.3ರ ಬದಲು ಎಫ್/1.8 ಇದ್ದರೆ ಮಸೂರದಿಂದ ಮೂರು ಪಟ್ಟಿಗೂ ಹೆಚ್ಚು, ಸೆನ್ಸರಿನಿಂದ ನಾಲ್ಕು ಪಟ್ಟು. ಗುಣಿಸಿದರೆ ಹದಿಮೂರು ಪಟ್ಟಿಗೂ ಮೀರಿದ ಬೆಳಕು. ಎರಡೂ ಕ್ಯಾಮೆರಾ ಅಂಗಿಯ ಜೇಬಿನಲ್ಲಿ ಹಿಡಿಯುತ್ತವೆ.

ಮೆಗಾಪಿಕ್ಸೆಲ್ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಪೂರ್ಣ ಎಚ್‌ಡಿ ದೃಶ್ಯದ ಒಂದು ಚೌಕಟ್ಟು 1920 ಗುಣಿಸು 1080, ಅಂದರೆ ಸುಮಾರು 2 ಮೆಗಾಪಿಕ್ಸೆಲ್. ಎ4 ಹಾಳೆಗೆ ಒಳ್ಳೆಯ ಮುದ್ರಣ ಬೇಕೆಂದರೆ 9 ಸಾಕು. ಅದಕ್ಕಿಂತ ಕಡಿಮೆ ಇರುವ ಕ್ಯಾಮೆರಾ ಈಗ ಸಿಗುವುದೂ ಅಪರೂಪ.

ಕೋಣೆ ಎಷ್ಟು ಹಿಡಿಯಬೇಕು

ತರಗತಿಗೆ ಬೇಕಾದದ್ದು ದೂರದ ನೋಟವಲ್ಲ, ಅಗಲದ ನೋಟ. ಕ್ಯಾಮೆರಾಗಳ ವಿವರಪತ್ರದಲ್ಲಿ ‘35 ಮಿ.ಮೀ. ಸಮಾನ ಸಂಗಮದೂರ’ ಎಂದು 24–90, 28–100 ಮೊದಲಾಗಿ ಕೊಟ್ಟಿರುತ್ತಾರೆ. ಹಳೆಯ ಫಿಲ್ಮಿನ ಚೌಕಟ್ಟು 36 ಮಿ.ಮೀ. ಅಗಲವಿತ್ತು. ಸಮರೂಪ ತ್ರಿಭುಜಗಳ ನಿಯಮದಿಂದ, ಎದುರಿಗೆ ಕಾಣುವ ಅಗಲ ಎಂದರೆ ದೂರವನ್ನು 36ರಿಂದ ಗುಣಿಸಿ ಸಂಗಮದೂರದಿಂದ ಭಾಗಿಸಿದಷ್ಟು. ಹದಿನಾರು ಅಡಿ ದೂರದಲ್ಲಿ 35ರ ಮಸೂರ ಹದಿನಾರೂವರೆ ಅಡಿ ಹಿಡಿಯುತ್ತದೆ, 28ರದು ಇಪ್ಪತ್ತೂವರೆ, 24ರದು ಇಪ್ಪತ್ನಾಲ್ಕು. ಸೆನ್ಸರಿನ ಆಕಾರಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ನಮ್ಮ ಹಳೆಯದು ಅಗಲದಲ್ಲಿಯೂ ಹಿಂದೆ ಇತ್ತು. ಶಿಕ್ಷಕರು ಮತ್ತು ಕಪ್ಪುಹಲಗೆ ಚೌಕಟ್ಟಿನೊಳಗೆ ಬಂದರೆ ಗೋಡೆ ಪಕ್ಕದ ಸಾಲು ಹೊರಗೆ ಉಳಿಯುತ್ತಿತ್ತು. ಒಂಬತ್ತನೆಯ ತರಗತಿಯ ಗಣಿತ ಪಾಠಕ್ಕೆ ಪ್ರಶಿಕ್ಷಣಾರ್ಥಿಯೊಬ್ಬರು ಇದನ್ನೇ ಚಟುವಟಿಕೆ ಮಾಡಿ, ಮಕ್ಕಳಿಂದ ಟೇಪ್ ಹಿಡಿಸಿ ಕೋಣೆ ಅಳೆಸಿದರು. ಪಾಠಯೋಜನೆಯಲ್ಲಿ ಇಲ್ಲದ್ದನ್ನು ಮಾಡಿದ್ದಕ್ಕೆ ನಾನು ಏನೂ ಬರೆಯಲಿಲ್ಲ.

ಎಫ್/1.8ರಲ್ಲಿ ಹತ್ತಿರ ಇರುವುದು ಸ್ಪಷ್ಟವಾಗಿ, ಹಿಂದಿನದು ಮಸುಕಾಗುವುದಿಲ್ಲವೇ ಎಂದು ಮದುವೆ ಫೋಟೋ ತೆಗೆಯುವವರೊಬ್ಬರು ಕೇಳಿದರು. ಅವರ ದೊಡ್ಡ ಕ್ಯಾಮೆರಾದಲ್ಲಿ ಹಾಗಾಗುವುದು ನಿಜ. ಚಿಕ್ಕ ಕ್ಯಾಮೆರಾದ ಸಂಗಮದೂರ ನಿಜದಲ್ಲಿ ಹತ್ತು ಮಿ.ಮೀ. ಆಸುಪಾಸು ಇರುವುದರಿಂದ ಮಧ್ಯದ ಬೆಂಚಿನ ಮೇಲೆ ಫೋಕಸ್ ನಿಲ್ಲಿಸಿದರೆ ಸುಮಾರು ಒಂಬತ್ತು ಅಡಿಯಿಂದ ಹಿಂದಿನ ಗೋಡೆಯವರೆಗೆ ಎಲ್ಲವೂ ತಿಳಿಯಾಗಿ ಬರುತ್ತದೆ. ತರಗತಿಗೆ ಚಿಕ್ಕ ಕ್ಯಾಮೆರಾವೇ ಮೇಲು ಎನ್ನಲು ನನಗೆ ಇದು ದೊಡ್ಡ ಕಾರಣ.

ಜಲಸಂಗ್ವಿಯಲ್ಲಿ

ಸಮಾಜ ವಿಜ್ಞಾನದವರ ಅಗತ್ಯ ಬೇರೆ. ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ದೇವಾಲಯಕ್ಕೆ ಪ್ರತಿ ವರ್ಷ ಹೋಗುತ್ತೇವೆ. ಅಲ್ಲಿಯ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಶಾಸನ ಬರೆಯುತ್ತ ನಿಂತಿದ್ದಾಳೆ. ಆಕೆ ಬರೆಯುವುದು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಪ್ರಶಂಸೆ. 1076ರಿಂದ 1126ರವರೆಗೆ ಆಳಿದ ಈ ಅರಸನ ರಾಜಧಾನಿ ನಮ್ಮ ಬಸವಕಲ್ಯಾಣ. ಪಠ್ಯಪುಸ್ತಕದ ಹೆಸರು ಮಕ್ಕಳ ಊರಿನ ಪಕ್ಕದ ಕಲ್ಲಿನಲ್ಲಿ ಇದೆ ಎಂದು ತೋರಿಸಬೇಕಾದರೆ ಆ ಅಕ್ಷರಗಳು ಚಿತ್ರದಲ್ಲಿ ಓದುವಂತೆ ಇರಬೇಕು. ಹಳೆಯ ಕ್ಯಾಮೆರಾದಲ್ಲಿ ಅಂಗಳದಲ್ಲಿ ನಿಂತು ಪೂರ್ತಿ ಜೂಮ್ ಹಾಕಿ ತೆಗೆದ ಚಿತ್ರಗಳನ್ನು ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ಬಿಟ್ಟೆವು. ಬಾಲಿಕೆ ಇದ್ದಳು, ಬರಹ ಇರಲಿಲ್ಲ. “ಅಕೀ ಏನ್ ಬರ್ಯಾಕತ್ತಾಳ್ರಿ ಸರ?” ಎಂದು ಮಕ್ಕಳು ಕೇಳಿದಾಗ ತೋರಿಸಲು ಏನೂ ಇರಲಿಲ್ಲ.

ಪೂರ್ತಿ ಜೂಮ್ ಎಂದರೆ ಎಫ್/5.9. ಅದರ ಮೇಲೆ ಕೈ ನಡುಗಿದಷ್ಟೂ ಇಪ್ಪತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಈಗ ಮಾಡುವುದು ಇಷ್ಟು: ಹತ್ತಿರ ಹೋಗಿ ಮಧ್ಯದ ಸಂಗಮದೂರದಲ್ಲಿ, ಅಂದರೆ 50–70ರ ಸಮಾನದಲ್ಲಿ ತೆಗೆಯುವುದು. ಅಗಲ ನೋಟದಲ್ಲಿ ತೀರ ಹತ್ತಿರ ನಿಂತರೆ ಮೂರ್ತಿಯ ಮೊಣಕೈ ಮುಂದಕ್ಕೆ ಉಬ್ಬಿ ಮುಖ ಚಿಕ್ಕದಾಗುತ್ತದೆ. ಎಲ್ಲಕ್ಕಿಂತ ಮುಖ್ಯ ಬೆಳಕಿನ ದಿಕ್ಕು. ಎದುರಿನಿಂದ ಬೀಳುವ ಬೆಳಕು ಕೊರೆದ ಅಕ್ಷರವನ್ನು ಚಪ್ಪಟೆ ಮಾಡುತ್ತದೆ. ಫ್ಲ್ಯಾಷ್ ಹಾಕಿದರಂತೂ ಅಕ್ಷರ ಹೋದಂತೆಯೇ. ಗೋಡೆಗೆ ಒರಸಿದಂತೆ ಪಕ್ಕದಿಂದ ಬೆಳಕು ಬಿದ್ದಾಗ ಪ್ರತಿ ಗೆರೆಯಲ್ಲಿ ನೆರಳು ನಿಂತು ಅಕ್ಷರ ಏಳುತ್ತದೆ. ಅದಕ್ಕಾಗಿ ಬೆಳಿಗ್ಗೆ ಒಮ್ಮೆ, ಇಳಿಹೊತ್ತಿನಲ್ಲಿ ಒಮ್ಮೆ ನೋಡಬೇಕು. ಬಸವಕಲ್ಯಾಣದ ಹತ್ತಿರದ ನಾರಾಯಣಪುರದ ಶಿವಾಲಯಕ್ಕೂ ಇದೇ ಮಾತು. ಕೋಟೆಯೊಳಗಿನ ನೆರಳಿನ ಕೊಠಡಿಗಳಲ್ಲಿ ಮಾತ್ರ ಮತ್ತೆ ಎಫ್ ಸಂಖ್ಯೆಯೇ ಗತಿ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕಾಗುವುದರಿಂದ ಕೈಯಲ್ಲಿ ಹಿಡಿದೇ ತೆಗೆಯುವ ಅಭ್ಯಾಸ ಇರಲಿ.

ಯಾವುದು ಕೊಳ್ಳಬೇಕು

ಹೊಸದರ ಬೆಲೆ ನಮ್ಮಂಥ ಕಾಲೇಜಿಗೆ ಎಟುಕುವುದು ಕಷ್ಟ. ಆದರೆ 2008ರಿಂದ 2014ರ ನಡುವೆ ಒಳ್ಳೆಯ ಮಸೂರದ ಚಿಕ್ಕ ಕ್ಯಾಮೆರಾಗಳು ಸಾಲುಸಾಲಾಗಿ ಬಂದವು. ಅವು ಬಳಸಿದ ಮಾಲಾಗಿ ಕಲಬುರಗಿ, ಹೈದರಾಬಾದ್ ಕಡೆ ಸಿಗುತ್ತವೆ. ಪ್ಯಾನಸೋನಿಕ್ ಎಲ್‌ಎಕ್ಸ್3 (2008) 24–60ರ ಮಸೂರ, ಎಫ್/2–2.8. ಕ್ಯಾನನ್ ಎಸ್90 (2009) 28–105, ಎಫ್/2–4.9. ಒಲಿಂಪಸ್ ಎಕ್ಸ್‌ಝಡ್-1 (2011) 28–112, ಎಫ್/1.8–2.5. ಪ್ಯಾನಸೋನಿಕ್ ಎಲ್‌ಎಕ್ಸ್7 (2012) 24–90, ಎಫ್/1.4–2.3. ಅದೇ ವರ್ಷದ ಸೋನಿ ಆರ್‌ಎಕ್ಸ್100 ಒಂದು ಇಂಚಿನ ಸೆನ್ಸರನ್ನು ಜೇಬಿಗೆ ತಂದಿತು. ಅದರದು 28–100, ಎಫ್/1.8–4.9. ಕ್ಯಾನನ್ ಜಿ7ಎಕ್ಸ್ (2014) 24–100, ಎಫ್/1.8–2.8, ಸೆನ್ಸರ್ ಒಂದು ಇಂಚಿನದೇ.

ಇವುಗಳಲ್ಲಿ ಎಸ್90 ಸ್ಥಿರಚಿತ್ರಕ್ಕೆ ಚೆನ್ನ, ದೃಶ್ಯ ಮಾತ್ರ ಹಳೆಯ 640×480ರ ಗಾತ್ರದ್ದು. ಆದ್ದರಿಂದ ಪಾಠ ವೀಕ್ಷಣೆಗೆ ಬೇಡ. ಆರ್‌ಎಕ್ಸ್100 ಅಗಲ ನೋಟದಲ್ಲಿ ಬಲು ಚೆನ್ನ, ಜೂಮ್ ಮಾಡಿದಾಗ ಎಫ್/4.9ಕ್ಕೆ ಇಳಿಯುತ್ತದೆ. ಎಲ್‌ಎಕ್ಸ್7ರ ಸೆನ್ಸರ್ ಚಿಕ್ಕದು, ಆದರೆ ಜೂಮ್ ಮಾಡಿದಾಗಲೂ ಎಫ್/2.3 ಉಳಿಯುವುದರಿಂದ ಆ ಕೊರತೆಯನ್ನು ಮಸೂರವೇ ತುಂಬಿಕೊಡುತ್ತದೆ. ನಾವು ಆರ್‌ಎಕ್ಸ್100 ಕೊಂಡೆವು. ಕಲ್ಲಿನ ಚಿತ್ರಗಳೇ ಮುಖ್ಯವಾಗಿದ್ದರೆ, ಅಥವಾ ಕೋಣೆ ತೀರ ಚಿಕ್ಕದಾಗಿದ್ದರೆ ಎಲ್‌ಎಕ್ಸ್7 ಕೊಳ್ಳುತ್ತಿದ್ದೆನೇನೋ.

ಬಳಸಿದ ಕ್ಯಾಮೆರಾ ಕೊಳ್ಳುವವರು ನಿಮ್ಮದೇ ಮೆಮೊರಿ ಕಾರ್ಡ್ ಮತ್ತು ಅಂದಿನ ದಿನಪತ್ರಿಕೆ ಜೊತೆಗೆ ಒಯ್ಯಿರಿ. ಪತ್ರಿಕೆಯನ್ನು ಬಿಡಿಸಿ ಅಂಗಡಿಯ ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಮೇಜಿನ ಮೇಲೆ ನೇರವಾಗಿ ಇಟ್ಟು, ಅತಿ ಸಣ್ಣ ಎಫ್ ಸಂಖ್ಯೆಯಲ್ಲಿ ಒಂದು ಚಿತ್ರ, ಎಫ್/4ರಲ್ಲಿ ಒಂದು ಚಿತ್ರ ತೆಗೆಯಿರಿ. ಮನೆಗೆ ಬಂದು ನಾಲ್ಕೂ ಮೂಲೆಗಳ ಸುದ್ದಿಯನ್ನು ಓದಲು ನೋಡಿ. ನಾಲ್ಕೂ ಮೂಲೆ ಸ್ವಲ್ಪ ಮೃದುವಾಗಿದ್ದರೆ ಅದು ಮಸೂರದ ಸ್ವಭಾವ. ಒಂದೇ ಮೂಲೆ ಕಲಸಿದ್ದರೆ ಕ್ಯಾಮೆರಾ ಎಲ್ಲೋ ಬಿದ್ದು ಮಸೂರ ವಾಲಿದೆ, ಬಿಟ್ಟುಬಿಡಿ. ಮಸೂರದೊಳಗೆ ಬೆಳಕು ಹಾಯಿಸಿ ಬೂಷ್ಟಿನ ಎಳೆಗಳಿವೆಯೇ ನೋಡಿ. ಆನ್, ಆಫ್ ಮಾಡುವಾಗ ಕೊಳವೆ ಕರಕರ ಎಂದರೆ ಒಳಗೆ ಧೂಳು ಹೋಗಿದೆ ಎಂದರ್ಥ. ಬ್ಯಾಟರಿ ಉಬ್ಬಿರಬಾರದು.

ಇಂಥ ಬಹುತೇಕ ಕ್ಯಾಮೆರಾಗಳು ಅರ್ಧ ಗಂಟೆ ತುಂಬುವ ಮೊದಲೇ ದೃಶ್ಯಮುದ್ರಣವನ್ನು ತಾವಾಗಿ ನಿಲ್ಲಿಸುತ್ತವೆ. ಪಾಠ ನಲವತ್ತು ನಿಮಿಷದ್ದು. ಒಬ್ಬರು ನಡುವೆ ಎದ್ದು ಮತ್ತೆ ಗುಂಡಿ ಒತ್ತಬೇಕು. ಇದು ಗೊತ್ತಿಲ್ಲದೆ ನಾವು ಎರಡು ಪಾಠಗಳ ಮೌಲ್ಯಮಾಪನ ಹಂತವನ್ನೇ ಕಳೆದುಕೊಂಡಿದ್ದೇವೆ. ಹೊರಗಿನ ಮೈಕ್ ಜೋಡಿಸುವ ವ್ಯವಸ್ಥೆಯೂ ಆರ್‌ಎಕ್ಸ್100ಕ್ಕೆ ಇಲ್ಲ. ಮೇಜಿನ ಮೇಲೆ ಬೇರೆಯೇ ಒಂದು ಧ್ವನಿಮುದ್ರಕ ಇಡುತ್ತೇವೆ. ಟ್ರೈಪಾಡಿನ ಮೇಲೆ ಇಟ್ಟಾಗ ಅಲುಗಾಟ ತಡೆಯುವ ಸೌಲಭ್ಯವನ್ನು ಆರಿಸಿಬಿಡಿ. ದೃಶ್ಯದಲ್ಲಿ ಅದು ಅಂಚುಗಳನ್ನು ಕತ್ತರಿಸಿ, ದುಡ್ಡು ಕೊಟ್ಟು ಕೊಂಡ ಅಗಲವನ್ನು ತಿಂದುಹಾಕುತ್ತದೆ.

ಕ್ಯಾಮೆರಾವನ್ನು ಹಿಂದಿನ ಬೆಂಚಿನ ಬಳಿ ಇಡುವುದು ರೂಢಿ. ಅಲ್ಲಿಂದ ಕಾಣುವುದು ಮಕ್ಕಳ ಬೆನ್ನು. ಕಿಟಕಿ ಇರುವ ಗೋಡೆಗೆ ಒತ್ತಿ, ಕಪ್ಪುಹಲಗೆಯ ಪಕ್ಕದ ಮೂಲೆಯಲ್ಲಿ ಮಕ್ಕಳ ಕಡೆ ಮುಖ ಮಾಡಿ ಇಟ್ಟರೆ ಬೆಳಕು ಕ್ಯಾಮೆರಾದ ಹಿಂದಿನಿಂದ ಬರುತ್ತದೆ, ಮುಖಗಳೂ ಕಾಣುತ್ತವೆ, ಶಿಕ್ಷಕರು ಅಂಚಿನಲ್ಲಿ ಸಿಗುತ್ತಾರೆ. ಮೊದಲ ಎರಡು ದಿನ ಸುಮ್ಮನೆ ಇಟ್ಟಿರಿ, ಮುದ್ರಿಸಬೇಡಿ. ಮೂರನೆಯ ದಿನಕ್ಕೆ ಮಕ್ಕಳು ಅದನ್ನು ಮರೆಯುತ್ತಾರೆ. ಪ್ರಶಿಕ್ಷಣಾರ್ಥಿಗಳಿಗೆ ಮರೆಯಲು ಒಂದು ವಾರ ಬೇಕು.

ಹೀಗೆ ಮುದ್ರಿಸಿದ ಮೊದಲ ವರ್ಷ ಫ್ಲ್ಯಾಂಡರ್ಸ್ ವರ್ಗೀಕರಣವನ್ನು ದೃಶ್ಯ ನಿಲ್ಲಿಸಿ ನಿಲ್ಲಿಸಿ ಮಾಡಿದೆವು. ಮೂರು ಸೆಕೆಂಡಿಗೊಮ್ಮೆ ಹತ್ತು ವರ್ಗಗಳಲ್ಲಿ ಒಂದನ್ನು ಗುರುತಿಸುವುದು ತರಗತಿಯಲ್ಲಿ ಕೂತು ಯಾರಿಗೂ ಸರಿಯಾಗಿ ಆಗುತ್ತಿರಲಿಲ್ಲ. ಬಸವಕಲ್ಯಾಣದ ಒಂದು ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದ ಯುವಕನ ಬಗ್ಗೆ ನಾನು ಮತ್ತೆ ಅದೇ ಮಾತು ಬರೆದಿದ್ದೆ, ಹಿಂದಿನ ಸಾಲುಗಳನ್ನು ಮುಟ್ಟಿಲ್ಲ ಎಂದು. ದೃಶ್ಯದಲ್ಲಿ ಎಣಿಸಿದೆವು. ಹಿಂದಿನ ಎರಡು ಸಾಲುಗಳಿಗೆ ಏಳು ಪ್ರಶ್ನೆ. ಅದರಲ್ಲಿ ನಾಲ್ಕು ಬಾರಿ ನಾನು ತಲೆ ತಗ್ಗಿಸಿ ವೀಕ್ಷಣಾ ಪತ್ರ ತುಂಬುತ್ತಿದ್ದದ್ದು ಚಿತ್ರದ ಎಡ ಅಂಚಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅಂಕ ತಿದ್ದಿ ಸಹಿ ಹಾಕಿದೆ. ಹುಮನಾಬಾದಿನ ಆ ವಿಜ್ಞಾನ ಪಾಠದ ಪತ್ರ ಮಾತ್ರ ಹಾಗೆಯೇ ಕಡತದಲ್ಲಿದೆ.

ಕೊನೆಗೆ ಸೀಮೆಸುಣ್ಣದ ಧೂಳು. ನಮ್ಮ ಕ್ಯಾಮೆರಾಗಳ ದೊಡ್ಡ ವೈರಿ ಅದೇ. ಪಾಠ ಮುಗಿದ ಕೂಡಲೇ ಹಲಗೆ ಒರೆಸುವ ಮೊದಲು ಕ್ಯಾಮೆರಾ ಆಫ್ ಮಾಡಿ, ಮಸೂರ ಒಳಗೆ ಹೋದ ಮೇಲೆ ಚೀಲಕ್ಕೆ ಹಾಕಬೇಕು. ಧೂಳು ಕೂತಿದ್ದರೆ ರಬ್ಬರಿನ ಊದುಬುರುಡೆಯಿಂದ ಊದಿ, ಆಮೇಲೆ ಕನ್ನಡಕದ ಬಟ್ಟೆಯಿಂದ ಒರೆಸಿ. ಸೆರಗಿನ ತುದಿ, ಕರವಸ್ತ್ರ ಬೇಡ.